ಚಾಮುಂಡಿ ಬೆಟ್ಟ ಇರುವ ಮ್ಯಾರಥಾನ್: ಹತ್ತುವ ಚಿಂತೆ ಬಿಡಿ, ಇಳಿಯುವುದನ್ನು ಕಲಿಯಿರಿ

ಬೆಟ್ಟದಹಾದಿ (ಕುವೆಂಪುನಗರ)

ಎಲ್ಲರಿಗೂ ನಮಸ್ಕಾರ. ಫುಲ್ ಮ್ಯಾರಥಾನ್‌ಗೆ (42.195 ಕಿ.ಮೀ.) ತಯಾರಾಗುತ್ತಿರುವವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಚಾಮುಂಡಿ ಬೆಟ್ಟ ನಿಲ್ಲದೆ ಹತ್ತುವುದು ಹೇಗೆ? ನನಗೆ ಅನಿಸಿದ್ದನ್ನು ನೇರವಾಗಿ ಹೇಳಿಬಿಡುತ್ತೇನೆ. ಹತ್ತುವುದು ಅಷ್ಟು ದೊಡ್ಡ ವಿಷಯ ಅಲ್ಲ. ಓಡಿಯೋ ನಡೆದೋ ಹೇಗೋ ಹತ್ತಿಬಿಡುತ್ತೀರಿ. ಓಟ ಕೆಡುವುದು ಇಳಿಜಾರಿನಲ್ಲಿ. ಕೆಟ್ಟಿದೆ ಅಂತ ಗೊತ್ತಾಗುವುದು ಅಲ್ಲಿಂದ ಹತ್ತು ಹದಿನೈದು ಕಿಲೋಮೀಟರ್ ಆದ ಮೇಲೆ, ಊರೊಳಗಿನ ಸಪಾಟು ರಸ್ತೆಯಲ್ಲಿ.

ಮೊದಲು ಬೆಟ್ಟದ ಲೆಕ್ಕ ನೋಡೋಣ. ಮೈಸೂರು ಇರುವುದೇ ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲೆ. ಬೆಟ್ಟದ ತುದಿ ಸಾವಿರದ ಅರವತ್ತರ ಆಸುಪಾಸು. ಅಂದರೆ ನಾವು ಏರಬೇಕಾದ್ದು ಹತ್ತಿರ ಹತ್ತಿರ 300 ಮೀಟರ್. 1892ರಲ್ಲಿ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಬೆಟ್ಟ ಹತ್ತುವವರೊಬ್ಬರು ನಡೆಯುವವರಿಗೆ ಅಂತ ಒಂದು ಅಂದಾಜು ಕೊಟ್ಟಿದ್ದರು. ಬೆಟ್ಟದ ಓಟಕ್ಕೂ ಅದು ಸುಮಾರಾಗಿ ಹೊಂದುತ್ತದೆ. ಒಂದು ಮೀಟರ್ ಏರಿದರೆ ಎಂಟು ಮೀಟರ್ ಸಪಾಟಿನಲ್ಲಿ ಹೋದಷ್ಟು ಹೊತ್ತು ಹಿಡಿಯುತ್ತದೆ. ಹಾಗಾದರೆ 300 ಮೀಟರ್ ಏರಿಕೆ ಅಂದರೆ 2.4 ಕಿ.ಮೀ. ಹೆಚ್ಚಿಗೆ ಓಡಿದ ಹಾಗೆ. ಸಪಾಟಿನಲ್ಲಿ ನಾಲ್ಕು ಗಂಟೆಗೆ ಫುಲ್ ಮುಗಿಸುವವರಿಗೆ ಹತ್ತುವಾಗ ಹದಿಮೂರು ಹದಿನಾಲ್ಕು ನಿಮಿಷ ಜಾಸ್ತಿ ಹಿಡಿಯುತ್ತದೆ. ಅಷ್ಟೇ. ಅದಕ್ಕೆ ಹೆದರಬೇಕಾಗಿಲ್ಲ.

ಹೆದರಬೇಕಾದ್ದು ಇನ್ನೊಂದಕ್ಕೆ. ಮೇಲೆ ತಲುಪಿದ ಖುಷಿಯಲ್ಲಿ, ಕಳೆದ ಆ ಹದಿನಾಲ್ಕು ನಿಮಿಷವನ್ನು ವಾಪಸ್ ತೆಗೆಯಬೇಕು ಅಂತ ಕೆಳಗೆ ಧಾವಿಸುತ್ತಾರಲ್ಲ, ಅದಕ್ಕೆ. ಇಳಿಯುವಾಗ ಉಸಿರು ಹಗುರವಾಗಿರುತ್ತದೆ, ಎದೆ ಬಡಿತ ಇಳಿದಿರುತ್ತದೆ, ವಾಚ್‌ನಲ್ಲಿ ಒಳ್ಳೆ ಪೇಸ್ (ಒಂದು ಕಿಲೋಮೀಟರಿಗೆ ಹಿಡಿಯುವ ಸಮಯ) ಕಾಣುತ್ತದೆ. ಆದರೆ ಒಂದೊಂದು ಹೆಜ್ಜೆಗೂ ಮೈಭಾರ ಹಿಡಿದು ನಿಲ್ಲಿಸುವ ಕೆಲಸ ತೊಡೆಯ ಮುಂಭಾಗದ ಮಾಂಸಖಂಡದ್ದು. ಅದು ಉದ್ದವಾಗಿ ಎಳೆದುಕೊಳ್ಳುತ್ತಲೇ ಬಿಗಿ ಹಿಡಿಯಬೇಕು. ಆ ರೀತಿಯ ಕೆಲಸದಲ್ಲಿ ನಾರುಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತವೆ. ಆ ಹೊತ್ತಿಗೆ ನೋವೇ ಇರುವುದಿಲ್ಲ. ಅದಕ್ಕೇ ಎಲ್ಲರೂ ಮೋಸ ಹೋಗುವುದು.

ಬಾಸ್ಟನ್ ಮ್ಯಾರಥಾನ್ ನೋಡಿ. 1897ರಿಂದ ನಡೆಯುತ್ತಿರುವ ಓಟ. ಅಲ್ಲಿನ ‘ಹಾರ್ಟ್‌ಬ್ರೇಕ್ ಹಿಲ್’ ಹೆಸರು ಕೇಳದ ಓಟಗಾರರಿಲ್ಲ. ಅದರ ಏರಿಕೆ ಎಷ್ಟು ಗೊತ್ತಾ? ಬರೀ 27 ಮೀಟರ್. ನಮ್ಮ ಬೆಟ್ಟದ ಹತ್ತನೇ ಒಂದು ಪಾಲೂ ಇಲ್ಲ. ಆದರೂ ಜಗತ್ತಿನ ಘಟಾನುಘಟಿಗಳು ಅಲ್ಲಿ ಬಸವಳಿಯುತ್ತಾರೆ. ಯಾಕೆಂದರೆ ಅದು ಬರುವುದು 32ನೇ ಕಿಲೋಮೀಟರ್ ದಾಟಿದ ಮೇಲೆ, ಅದೂ ಓಟದ ಮೊದಲ ಭಾಗ ಹೆಚ್ಚಾಗಿ ಇಳಿಜಾರಿನಲ್ಲೇ ಓಡಿ ತೊಡೆ ಸೋತ ಮೇಲೆ. 2022ರಲ್ಲಿ ಬರ್ಲಿನ್‌ನ ಸಪಾಟು ರಸ್ತೆಯಲ್ಲಿ 2:01:09ಕ್ಕೆ ವಿಶ್ವದಾಖಲೆ ಮಾಡಿದ್ದ ಕೀನ್ಯಾದ ಓಟಗಾರ ಕಿಪ್‌ಚೋಗೆ, 2023ರಲ್ಲಿ ಬಾಸ್ಟನ್‌ನಲ್ಲಿ 30ನೇ ಕಿಲೋಮೀಟರ್ ಹೊತ್ತಿಗೆ ಗುಂಪಿನಿಂದ ಹಿಂದೆ ಬಿದ್ದರು. ಆರನೆಯವರಾಗಿ 2:09:23ಕ್ಕೆ ಮುಗಿಸಿದರು. ಬರ್ಲಿನ್ ಲೆಕ್ಕ ಹಿಡಿದು ಬಾಸ್ಟನ್ ಓಡಲಾಗುವುದಿಲ್ಲ. ಹಾಗೆಯೇ ಕುಕ್ಕರಹಳ್ಳಿ ಕೆರೆ ಸುತ್ತಿದ ಲೆಕ್ಕ ಹಿಡಿದು ಚಾಮುಂಡಿ ಬೆಟ್ಟದ ಮ್ಯಾರಥಾನ್ ಓಡಲಾಗುವುದಿಲ್ಲ.

ನಿಮ್ಮ ಅನುಭವ ಏನು? ಬರೆಯಿರಿ.

ನಾಲೆಏರಿ (ಮಂಡ್ಯ)

ಸರ್, ನಮ್ಮ ಕಷ್ಟ ಬೇರೆ. ಮಂಡ್ಯದಲ್ಲಿ ಬೆಟ್ಟ ಎಲ್ಲಿಂದ ತರುವುದು? ನಾವು ಓಡುವುದು ವಿಶ್ವೇಶ್ವರಯ್ಯ ನಾಲೆ ಏರಿ ಮೇಲೆ. ಒಂದು ಕಡೆ ನೀರು, ಇನ್ನೊಂದು ಕಡೆ ಕಬ್ಬು, ದಾರಿ ಗೆರೆ ಎಳೆದ ಹಾಗೆ. ಮೂವತ್ತು ಕಿಲೋಮೀಟರ್ ಓಡಿದರೂ ಏರಿಕೆ ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಗುಂಪಿನವರಿಗೆ ಉಸಿರಿದೆ, ದಮ್ಮಿದೆ. ಆದರೆ ನೀವು ಹೇಳಿದ ಹಾಗೆ ಇಳಿಯುವುದಕ್ಕೆ ಕಾಲು ಪಳಗಿಲ್ಲ. ಜಿಮ್‌ನ ಟ್ರೆಡ್‌ಮಿಲ್‌ನಲ್ಲಿ ಏರು ಇಟ್ಟು ಓಡಿದರೆ ಸಾಕಾ?

ಫಿಸಿಯೋ_ಸರಸ್ವತಿಪುರಂ

ಸಾಕಾಗುವುದಿಲ್ಲ. ಟ್ರೆಡ್‌ಮಿಲ್ ಏರು ಕೊಡುತ್ತದೆ, ಸಾಮಾನ್ಯವಾಗಿ ಜಿಮ್‌ಗಳಲ್ಲಿರುವುದು ಇಳಿಜಾರು ಕೊಡುವುದಿಲ್ಲ. ನಿಮಗೆ ಬೇಕಾಗಿರುವುದು ಅದೇ.

ಒಂದು ಒಳ್ಳೆ ಸುದ್ದಿ ಇದೆ. ನಮ್ಮ ಮಾಂಸಖಂಡ ಇದನ್ನು ಬಹಳ ಬೇಗ ಕಲಿಯುತ್ತದೆ. ಮೊದಲ ಸಲ ಇಳಿಜಾರಿನಲ್ಲಿ ಓಡಿದಾಗ ಮಾರನೇ ದಿನ, ಅದರ ಮಾರನೇ ದಿನ ತೊಡೆ ನೋವು ಜೋರಾಗಿರುತ್ತದೆ. ಮೆಟ್ಟಿಲು ಇಳಿಯುವುದಕ್ಕೂ ಗೋಡೆ ಹಿಡಿಯಬೇಕಾಗುತ್ತದೆ. ಎರಡು ವಾರ ಬಿಟ್ಟು ಅದೇ ಇಳಿಜಾರನ್ನು ಅದೇ ವೇಗದಲ್ಲಿ ಓಡಿ ನೋಡಿ, ನೋವು ತುಂಬಾ ಕಡಿಮೆ ಇರುತ್ತದೆ. ಒಂದು ಸಲದ ಪೆಟ್ಟು ಹಲವು ವಾರ ರಕ್ಷಣೆ ಕೊಡುತ್ತದೆ. ಹಾಗಾಗಿ ಪ್ರತಿದಿನ ಬೆಟ್ಟ ಬೇಕಾಗಿಲ್ಲ. ವಾರಕ್ಕೊಮ್ಮೆ ಅಥವಾ ಹತ್ತು ದಿನಕ್ಕೊಮ್ಮೆ, ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ ಹೋದರೆ ಸಾಕು. ಜೋರಾದ ಕೊನೆಯ ಇಳಿಜಾರು ಓಟ ಸ್ಪರ್ಧೆಗೆ ಎರಡು ಮೂರು ವಾರ ಮುಂಚೆ ಇರಲಿ. ಕೊನೆಯ ವಾರ ಬೆಟ್ಟದ ಕಡೆ ಹೋಗಲೇಬೇಡಿ.

ಮಂಡ್ಯದವರಿಗೆ ಶ್ರೀರಂಗಪಟ್ಟಣದ ಹತ್ತಿರ ಕರಿಘಟ್ಟ ಇದೆಯಲ್ಲ? ರಸ್ತೆಯೂ ಇದೆ, ಮೆಟ್ಟಿಲೂ ಇದೆ. ಬೆಟ್ಟ ಸಣ್ಣದು, ಅದೇ ಅನುಕೂಲ. ಹತ್ತಿ ಇಳಿದು, ಹತ್ತಿ ಇಳಿದು ಮಾಡಬಹುದು. ಉದ್ದ ಓಟಕ್ಕೆ ಮೇಲುಕೋಟೆ ರಸ್ತೆ. ಕುಂತಿ ಬೆಟ್ಟಕ್ಕೆ ಮಾತ್ರ ಈ ಕೆಲಸಕ್ಕೆ ಹೋಗಬೇಡಿ. ಅದು ಬಂಡೆ ಹತ್ತುವ ಜಾಗ, ಓಡುವ ಜಾಗ ಅಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ತಯಾರಿ ಇಲ್ಲದೆ ಅತಿಯಾಗಿ ಇಳಿದವರಿಗೆ ಮಾರನೇ ದಿನ ತಡೆಯಲಾಗದ ನೋವಿನ ಜೊತೆ ಮೂತ್ರ ಕಪ್ಪು ಕಾಫಿ ಬಣ್ಣಕ್ಕೆ ತಿರುಗಿದರೆ, ಮಾತ್ರೆ ನುಂಗಿ ಮಲಗಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಹಾಳಾದ ಮಾಂಸಖಂಡದ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ತೊಂದರೆ ಮಾಡಬಹುದು. ಓಡುವ ದಿನ ನೋವಿನ ಮಾತ್ರೆ ಬೇಡವೇ ಬೇಡ ಅನ್ನುವುದೂ ಇದೇ ಕಾರಣಕ್ಕೆ.

ಹಳೇ_ಓಟಗಾರ (ಜಯಲಕ್ಷ್ಮೀಪುರಂ)

ಬೆಟ್ಟದಹಾದಿ ಅವರೇ, ನಿಮ್ಮ ಮಾತನ್ನು ಪೂರ್ತಿ ಒಪ್ಪುವುದಕ್ಕೆ ಆಗುವುದಿಲ್ಲ. ‘ಹತ್ತುವುದು ದೊಡ್ಡ ವಿಷಯ ಅಲ್ಲ’ ಅಂದರೆ ಹೊಸಬರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಾನು ನೋಡಿರುವ ಹಾಗೆ ಮುಕ್ಕಾಲು ಜನ ಸೋಲುವುದು ಬೆಟ್ಟದ ಬುಡದ ಮೊದಲ ಒಂದು ಕಿಲೋಮೀಟರ್‌ನಲ್ಲಿ. ಲಲಿತಮಹಲ್ ಕಡೆಯಿಂದ ಬರುವಾಗ ಮೈ ಬಿಸಿಯಾಗಿರುತ್ತದೆ, ಸುತ್ತ ಜನ, ತಮಟೆ, ಕೂಗಾಟ. ಸಪಾಟಿನ ಪೇಸನ್ನೇ ಏರಿನಲ್ಲೂ ಹಿಡಿದಿಡುತ್ತಾರೆ. ಶೇಕಡಾ ಹತ್ತು ಏರಿನಲ್ಲಿ ಓಡುವುದಕ್ಕೆ ಸಪಾಟಿಗಿಂತ ಅರ್ಧಕ್ಕಿಂತ ಹೆಚ್ಚು ಶಕ್ತಿ ಜಾಸ್ತಿ ಬೇಕು. ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಓಟಕ್ಕೆ ಬೇಕಾದ ಸಕ್ಕರೆಯ ದಾಸ್ತಾನು, ಅಲ್ಲೇ ಸುಟ್ಟುಹೋಗುತ್ತದೆ. ಆಮೇಲೆ 35ನೇ ಕಿಲೋಮೀಟರ್‌ನಲ್ಲಿ ಕಣ್ಣು ಕತ್ತಲೆ ಬಂದರೆ ಇಳಿಜಾರನ್ನು ಬೈದು ಏನು ಪ್ರಯೋಜನ?

ಬೆಟ್ಟದಹಾದಿ (ಕುವೆಂಪುನಗರ)

ಸರ್, ನೀವು ಹೇಳಿದ್ದು ಖಂಡಿತ ಸರಿ. ಹತ್ತುವಾಗ ವಾಚ್ ನೋಡಲೇಬಾರದು. ನೋಡಬೇಕಾದ್ದು ಉಸಿರನ್ನು. ಪಕ್ಕದಲ್ಲಿ ಓಡುವವರ ಹತ್ತಿರ ಒಂದು ಪೂರ್ತಿ ವಾಕ್ಯ ಮಾತಾಡುವುದಕ್ಕೆ ಆಗಬೇಕು. ಎರಡು ಪದಕ್ಕೇ ಉಸಿರು ಕಟ್ಟಿದರೆ ವೇಗ ಜಾಸ್ತಿ ಆಯಿತು ಅಂತಲೇ ಅರ್ಥ. ಕಡಿದಾದ ತಿರುವುಗಳಲ್ಲಿ ನಡೆದುಬಿಡಿ. ಅಲ್ಲಿ ಓಡುವವರಿಗೂ ಚುರುಕಾಗಿ ನಡೆಯುವವರಿಗೂ ಹೆಚ್ಚು ಅಂತರ ಬೀಳುವುದಿಲ್ಲ. ನಡೆದರೆ ಮರ್ಯಾದೆ ಹೋಯಿತು ಅನ್ನುವ ಭಾವನೆ ನಮ್ಮ ಗುಂಪುಗಳಲ್ಲಿ ಇದೆ. ಅದು ಹೋಗಬೇಕು.

ಆದರೆ ನನ್ನ ಮೂಲ ಮಾತಿಗೆ ನಾನು ಈಗಲೂ ಬದ್ಧ. ಏರಿನಲ್ಲಿ ಜೋರು ಮಾಡಿದರೆ ದೇಹವೇ ಎಚ್ಚರಿಸುತ್ತದೆ. ಎದೆ ಉರಿಯುತ್ತದೆ, ಏದುಸಿರು ಬರುತ್ತದೆ, ತಾನಾಗಿಯೇ ನಿಧಾನವಾಗುತ್ತೇವೆ. ಇಳಿಯುವಾಗ ಅಂಥ ಎಚ್ಚರಿಕೆ ಏನೂ ಬರುವುದಿಲ್ಲ. ಅದಕ್ಕೇ ಅದನ್ನು ಮೊದಲೇ ಕಲಿತಿರಬೇಕು ಅನ್ನುವುದು.

ಹೇಗೆ ಇಳಿಯಬೇಕು ಅಂತ ಕೆಲವರು ಮೆಸೇಜ್‌ನಲ್ಲಿ ಕೇಳಿದ್ದಾರೆ, ಇಲ್ಲೇ ಹೇಳುತ್ತೇನೆ. ಬೆಟ್ಟದ ನಂದಿ ರಸ್ತೆಯ ತಿರುವಿನಲ್ಲಿ ಬೆಳಿಗ್ಗೆ ಹೊತ್ತು ನಿಂತು ಇಳಿದು ಬರುವವರ ಕಾಲುಗಳನ್ನೇ ಗಮನಿಸಿ. ಹೊಸಬರಾದರೆ ಅವರು ಕಾಣುವ ಮೊದಲೇ ಶೂ ಶಬ್ದ ಕೇಳುತ್ತದೆ, ಪಟಾರ್ ಪಟಾರ್ ಅಂತ. ಮೈ ಹಿಂದಕ್ಕೆ ವಾಲಿರುತ್ತದೆ, ಕಾಲು ಮುಂದಕ್ಕೆ ಚಾಚಿರುತ್ತದೆ, ಹಿಮ್ಮಡಿ ನೆಲಕ್ಕೆ ಕುಟ್ಟುತ್ತದೆ, ಮಂಡಿ ನೆಟ್ಟಗೆ ಸೆಟೆದಿರುತ್ತದೆ. ಬ್ರೇಕ್ ಒತ್ತಿಕೊಂಡೇ ಗಾಡಿ ಇಳಿಸಿದ ಹಾಗೆ. ಪಳಗಿದವರು ಬಂದರೆ ಸದ್ದೇ ಇರುವುದಿಲ್ಲ. ಹೆಜ್ಜೆ ಗಿಡ್ಡ, ಬೇಗ ಬೇಗ. ಪಾದ ಬೀಳುವುದು ಸೊಂಟದ ಕೆಳಗೆ, ಮುಂದೆ ಅಲ್ಲ. ಮಂಡಿ ಸ್ವಲ್ಪ ಬಾಗಿರುತ್ತದೆ. ಕೈ ಸಡಿಲ. ಕಣ್ಣು ಹತ್ತು ಹನ್ನೆರಡು ಹೆಜ್ಜೆ ಮುಂದಿನ ರಸ್ತೆ ಮೇಲೆ. ಅಭ್ಯಾಸ ಮಾಡುವಾಗ ಇಷ್ಟು ಮಾಡಿ: ನಿಮ್ಮ ಕಾಲಿನ ಸದ್ದು ನಿಮಗೇ ಕೇಳಬಾರದು ಅಂತ ಓಡಿ. ಉಳಿದದ್ದು ತಾನಾಗಿ ಬರುತ್ತದೆ.

ಮೊದಲಫುಲ್ (ಮಾನಸಗಂಗೋತ್ರಿ ಹಾಸ್ಟೆಲ್)

ಸರ್, ಮೇಡಂ, ನನ್ನದು ಇದು ಮೊದಲ ಫುಲ್. ಹಾಫ್ ಮುಗಿಸಿದ್ದೇನೆ. ಎರಡು ಪ್ರಶ್ನೆ. ಒಂದು, ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುವುದನ್ನೇ ಅಭ್ಯಾಸ ಮಾಡಿದರೆ ಆಗುತ್ತದಾ? ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ. ಎರಡು, ಬೆಳಿಗ್ಗೆ ಬೇಗ ಬೆಟ್ಟದ ರಸ್ತೆಯಲ್ಲಿ ಹುಡುಗಿಯರು ಓಡುವುದು ಎಷ್ಟು ಸೇಫ್?

ಸಿದ್ಧಾರ್ಥನಗರದ_ಅಮ್ಮ

ಮಗಳೇ, ಬೆಟ್ಟದ ಪಕ್ಕದಲ್ಲೇ ಇರುವವಳು ನಾನು, ಓಡುವವಳೂ ಹೌದು. ಮೆಟ್ಟಿಲ ವಿಷಯ ನಾನು ಹೇಳುತ್ತೇನೆ.

ಸಾವಿರ ದಾಟಿ ಇರುವ ಆ ಮೆಟ್ಟಿಲುಗಳನ್ನು 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ್ದು. ದೊಡ್ಡ ನಂದಿಯೂ ಅವರ ಕಾಲದ್ದೇ. ಕಟ್ಟಿಸಿದ್ದು ಭಕ್ತರಿಗೆ. ಹರಕೆ ಹೊತ್ತ ಹೆಣ್ಣುಮಕ್ಕಳು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚಿಕೊಂಡು ಬರಿಗಾಲಲ್ಲಿ ಹತ್ತುತ್ತಾರೆ. ನೀನು ಬೆಳಿಗ್ಗೆ ಹೋಗಿ ನೋಡು, ಅಂಚಿನಿಂದ ಅಂಚಿಗೆ ಕೆಂಪು ಹಳದಿ ಬೊಟ್ಟುಗಳು ಸಾಲಾಗಿ ಇರುತ್ತವೆ. ಅದರ ಮೇಲೆ ಶೂ ಹಾಕಿಕೊಂಡು ದಡದಡ ಇಳಿಯುವುದು ನನ್ನ ಮನಸ್ಸಿಗೆ ಬರುವುದಿಲ್ಲ. ಹತ್ತಬೇಕಾದರೆ ಹತ್ತು, ಬದಿಯಲ್ಲಿ, ನಿಧಾನವಾಗಿ, ಬಗ್ಗಿರುವವರಿಗೆ ದಾರಿ ಬಿಟ್ಟು. ಇಳಿದು ಓಡುವ ಅಭ್ಯಾಸಕ್ಕೆ ಅದು ಬೇಡ. ಮೆಟ್ಟಿಲ ಎತ್ತರ ಒಂದೇ ಸಮ ಇಲ್ಲ, ಸವೆದ ಕಲ್ಲು ಮಳೆ ಬಂದರೆ ಜಾರುತ್ತದೆ. ಓಟ ನಡೆಯುವುದು ಡಾಂಬರು ರಸ್ತೆಯಲ್ಲಿ ತಾನೆ? ಅಭ್ಯಾಸವೂ ಅಲ್ಲೇ ಆಗಲಿ.

ಸುರಕ್ಷತೆ ವಿಷಯ. ಒಬ್ಬಳೇ ಹೋಗಬೇಡ. ಕತ್ತಲಲ್ಲಿ ಹೋಗಲೇಬೇಡ. ಮನುಷ್ಯರ ಭಯ ಒಂದು ಕಡೆ, ಬೆಟ್ಟದ ಕಾಡಿನಲ್ಲಿ ಚಿರತೆ ಇರುವುದು ನಿಜ. ಬೆಳಕು ಹರಿದ ಮೇಲೆ ನಾಲ್ಕು ಜನ ಜೊತೆಯಾಗಿ ಹೋಗಿ. ಕಿವಿಗೆ ಇಯರ್‌ಫೋನ್ ಬೇಡ, ತಿರುವಿನಲ್ಲಿ ಬಸ್ಸು ಬರುವುದು ಕೇಳಬೇಕು. ರಸ್ತೆಯ ಬಲಬದಿಯಲ್ಲಿ ಓಡಿ, ಎದುರಿಗೆ ಬರುವ ಗಾಡಿ ಕಾಣಿಸುತ್ತದೆ. ಕೈಯಲ್ಲಿ ಬಾಳೆಹಣ್ಣು ಹಿಡಿದುಕೊಂಡು ಹೋದರೆ ಕೋತಿಗಳು ಬಿಡುವುದಿಲ್ಲ, ಸೊಂಟದ ಪೌಚ್‌ನಲ್ಲಿ ಇಟ್ಟುಕೋ. ಆಷಾಢ ಶುಕ್ರವಾರ ಬೆಟ್ಟದ ಕಡೆ ಓಟದ ಯೋಚನೆಯೇ ಬೇಡ, ಅವತ್ತು ಬೆಟ್ಟ ತಾಯಿಯದ್ದು, ಭಕ್ತರದ್ದು.

ಬೆಟ್ಟದಹಾದಿ (ಕುವೆಂಪುನಗರ)

ಅಮ್ಮ ಹೇಳಿದ್ದಕ್ಕೆ ನನ್ನ ಪೂರ್ತಿ ಸಹಮತ. ಒಂದು ಮಾತು ಸೇರಿಸುತ್ತೇನೆ. ಜೋರು ಮಳೆ ಬಂದ ಮಾರನೇ ದಿನ ಬೆಟ್ಟದ ರಸ್ತೆಗೆ ಹೋಗಬೇಡಿ. 2021ರ ಮಳೆಯಲ್ಲಿ ನಂದಿ ಕಡೆಯ ರಸ್ತೆಯೇ ಕುಸಿದಿತ್ತು, ನೆನಪಿರಬಹುದು.

ಮೊದಲಫುಲ್ ಅವರೇ, ನೀವು ನೇರವಾಗಿ ಬೆಟ್ಟಕ್ಕೇ ಹೋಗಬೇಕು ಅಂತಿಲ್ಲ. ನಿಮ್ಮ ಕ್ಯಾಂಪಸ್ ಒಳಗೇ ಏರಿಳಿತ ಇದೆ. ಮೊದಲ ಎರಡು ಮೂರು ವಾರ ಅಲ್ಲೇ ಸಣ್ಣ ಇಳಿಜಾರುಗಳಲ್ಲಿ ಅರ್ಧ ಅರ್ಧ ನಿಮಿಷ ಸದ್ದಿಲ್ಲದೆ ಇಳಿಯುವುದನ್ನು ಮಾಡಿ. ಆಮೇಲೆ ಲಲಿತಮಹಲ್ ರಸ್ತೆ. ಅರಮನೆ ಇರುವುದು ದಿಬ್ಬದ ಮೇಲೆ, ಹದವಾದ ಏರು. ಅದು ಸಲೀಸಾದ ಮೇಲೆ ಬೆಟ್ಟ. ಬೆಟ್ಟದಲ್ಲೂ ಮೊದಲ ಸಲ ಪೂರ್ತಿ ಇಳಿದು ಓಡಬೇಡಿ. ಅರ್ಧ ನಡೆಯಿರಿ, ಅರ್ಧ ಓಡಿ.

ಆಮೇಲೆ ಎಲ್ಲಕ್ಕಿಂತ ಮುಖ್ಯವಾದ ಒಂದು ಅಭ್ಯಾಸ, ಇದನ್ನು ಮಾಡುವವರು ಕಡಿಮೆ: ಬೆಟ್ಟ ಇಳಿದ ಮೇಲೆ ಮನೆಗೆ ಹೋಗಬೇಡಿ. ಬೆಟ್ಟದ ಬುಡದ ತಾವರೆಕಟ್ಟೆ ತಲುಪಿ ಟೀ ಕುಡಿದು ಬೈಕ್ ಹತ್ತಿದರೆ ನೀವು ಅಭ್ಯಾಸ ಮಾಡಿದ್ದು ಬೆಟ್ಟದ ಓಟ, ಮ್ಯಾರಥಾನ್ ಅಲ್ಲ. ಇಳಿದ ಕೂಡಲೇ ಸಪಾಟಿನಲ್ಲಿ ಎಂಟು ಹತ್ತು ಕಿಲೋಮೀಟರ್ ನಿಮ್ಮ ಮಾಮೂಲಿ ಪೇಸ್‌ನಲ್ಲಿ ಓಡಿ. ಮೃಗಾಲಯದ ಮುಂದೆ ಹಾದು ಅರಮನೆ ಸುತ್ತಿ ಬನ್ನಿ. ತೊಡೆ ಭಾರವಾಗಿ, ಕಾಲು ಎತ್ತಿಡುವುದೇ ಕಷ್ಟ ಅನಿಸುತ್ತದೆ. ಆ ಕಾಲಿನಲ್ಲಿ ಓಡುವುದು ಹೇಗೆ ಅಂತ ದೇಹ ಕಲಿಯುವುದು ಅಲ್ಲೇ.

ನಾಲೆಏರಿ (ಮಂಡ್ಯ)

ಈ ಕೊನೆಯ ಮಾತು ನಮಗೆ ಬಹಳ ಉಪಯೋಗ. ಕರಿಘಟ್ಟ ಹತ್ತಿ ಇಳಿದು ಶ್ರೀರಂಗಪಟ್ಟಣ ಸುತ್ತಿ ಬರುವ ಪ್ಲಾನ್ ಹಾಕುತ್ತಿದ್ದೇವೆ.

ಒಂದು ಸಂದೇಹ. ನಮ್ಮಲ್ಲೊಬ್ಬರು ಕೇಳುತ್ತಿದ್ದರು, ಬೆಟ್ಟದ ಮೇಲಿಂದಲೇ ಓಟ ಶುರು ಮಾಡಿ ಊರಿನಲ್ಲಿ ಮುಗಿಸಿದರೆ ಟೈಮಿಂಗ್ ಚೆನ್ನಾಗಿ ಬರುತ್ತದೆ ಅಲ್ವಾ ಅಂತ.

ಹಳೇ_ಓಟಗಾರ (ಜಯಲಕ್ಷ್ಮೀಪುರಂ)

ಬಂದರೂ ಅದು ದಾಖಲೆಗೆ ಸೇರುವುದಿಲ್ಲ. ಶುರುವಿನಿಂದ ಕೊನೆಗೆ ರಸ್ತೆ ಕಿಲೋಮೀಟರಿಗೆ ಒಂದು ಮೀಟರ್‌ಗಿಂತ ಹೆಚ್ಚು ಇಳಿದಿರಬಾರದು ಅನ್ನುವುದು ನಿಯಮ. ಅಂದರೆ 42.195 ಕಿ.ಮೀ.ಗೆ 42 ಮೀಟರ್. 2011ರಲ್ಲಿ ಜೆಫ್ರಿ ಮುಟಾಯ್ ಬಾಸ್ಟನ್‌ನಲ್ಲಿ 2:03:02ಕ್ಕೆ ಓಡಿದರು, ಅಷ್ಟು ಬೇಗ ಆವರೆಗೆ ಯಾರೂ ಮ್ಯಾರಥಾನ್ ಓಡಿರಲಿಲ್ಲ. ಆದರೂ ವಿಶ್ವದಾಖಲೆ ಅಂತ ಒಪ್ಪಲಿಲ್ಲ. ಅಲ್ಲಿ ಸುಮಾರು 140 ಮೀಟರ್ ಇಳಿಜಾರು ಇದೆ, ಜೊತೆಗೆ ಶುರುವಾಗುವ ಜಾಗ, ಮುಗಿಯುವ ಜಾಗ ದೂರ ದೂರ. ನಮ್ಮದು 300 ಮೀಟರ್!

ದಾಖಲೆ ಹಾಗಿರಲಿ. ಮೈ ಬಿಸಿಯಾಗುವ ಮುಂಚೆ ಶುರುವಿನಲ್ಲೇ ಅಷ್ಟು ಇಳಿದರೆ ಉಳಿದ ಮೂವತ್ತೈದು ಕಿಲೋಮೀಟರ್ ಯಾವ ಕಾಲಲ್ಲಿ ಓಡುತ್ತೀರಿ? ಈ ವಿಷಯದಲ್ಲಿ ಮಾತ್ರ ನಾನು ಬೆಟ್ಟದಹಾದಿ ಅವರ ಪಕ್ಷ. ಬೆಟ್ಟ ಮಧ್ಯದಲ್ಲಿ ಬರಬೇಕು, ಹತ್ತಿದ ದಾರಿಯಲ್ಲೇ ಇಳಿಯಬೇಕು. ಮಹಾರಾಷ್ಟ್ರದ ಸಾತಾರಾ ನಮ್ಮೂರಿಗಿಂತ ಸಣ್ಣ ಊರು. 2012ರಿಂದ ಅಲ್ಲಿ ಯವತೇಶ್ವರ ಘಾಟ್ ಹತ್ತಿ ಇಳಿಯುವ ಹಾಫ್ ಮ್ಯಾರಥಾನ್ ನಡೆಸುತ್ತಾರೆ. ದೇಶದ ಎಲ್ಲ ಕಡೆಯಿಂದ ಜನ ಬರುತ್ತಾರೆ. ಬೆಟ್ಟ ಇರುವುದು ಊರಿಗೆ ತೊಂದರೆ ಅಲ್ಲ, ಅದೇ ಊರಿನ ಆಕರ್ಷಣೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ.

ನೀರಿನಮೇಜು (ನಜರ್‌ಬಾದ್)

ಓಡುವವರೆಲ್ಲ ಮಾತಾಡಿದ್ದಾಯಿತು, ನೀರು ಕೊಡುವವನ ಮಾತೂ ಕೇಳಿ. ನಾನು ಸ್ವಯಂಸೇವಕ.

ಬೆಟ್ಟದ ಬುಡದ ಮೇಜಿನ ಹತ್ತಿರ ಎಲ್ಲರೂ ಗಟಗಟ ಎರಡು ಮೂರು ಲೋಟ ಕುಡಿಯುತ್ತಾರೆ. ಬೆಟ್ಟದಲ್ಲಿ ನೀರು ಸಿಗುವುದಿಲ್ಲವೇನೋ ಅನ್ನುವ ಭಯ. ಅದು ಬೇಡ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ ಶೇಕಡಾ 13 ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ಮುಖ್ಯ ಕಾರಣ ಅತಿಯಾಗಿ ಕುಡಿದದ್ದು. ತಲೆನೋವು, ವಾಕರಿಕೆ, ಮಂಕು ಕವಿದ ಹಾಗೆ ಆಗುವುದು ನೀರು ಕಡಿಮೆಯಾದಾಗ ಮಾತ್ರ ಅಲ್ಲ, ಜಾಸ್ತಿಯಾದಾಗಲೂ ಆಗುತ್ತದೆ. ಬಾಯಾರಿದಾಗ ಎರಡು ಗುಟುಕು ಕುಡಿಯಿರಿ, ಸಾಕು. ಮೈಸೂರಿನ ಬೆಳಗಿನ ಹವೆ ತಂಪು ಅನಿಸಿದರೂ ಎಂಟು ಗಂಟೆ ದಾಟಿದರೆ ಬಿಸಿಲು ಏರುತ್ತದೆ, ಆಗ ತಲೆಗೆ, ಕುತ್ತಿಗೆಗೆ ನೀರು ಹಾಕಿಕೊಳ್ಳಿ.

ಮನೆಯಲ್ಲೇ ಮಾಡಿಕೊಳ್ಳುವುದಾದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಎರಡೂ ಟೀ ಚಮಚದಲ್ಲಿ, ಮಟ್ಟಸವಾಗಿ. ನಿಂಬೆಹಣ್ಣು ಹಿಂಡಿದರೆ ರುಚಿ. ತಿನ್ನುವುದಕ್ಕೆ ಜೆಲ್ (ಓಟಗಾರರಿಗೆ ಅಂತಲೇ ಸಿಗುವ ಸಿಹಿ ಪೊಟ್ಟಣ) ಬೇಕೇ ಬೇಕು ಅಂತಿಲ್ಲ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಸಿಕ್ಕರೆ ಸಾಕು. ಏಲಕ್ಕಿ ಬಾಳೆ, ಮಂಡ್ಯದ ಬೆಲ್ಲ ಎರಡೂ ಒಳ್ಳೆಯದೇ. ಆದರೆ ಹತ್ತುವಾಗ ತಿಂದರೆ ಉಸಿರಿಗೆ ಸಿಕ್ಕಿಕೊಳ್ಳುತ್ತದೆ. ಬೆಟ್ಟ ಶುರುವಾಗುವ ಹತ್ತು ನಿಮಿಷ ಮುಂಚೆ ತಿನ್ನಿ. ಇಳಿದು ಸಪಾಟಿಗೆ ಬಂದ ಕೂಡಲೇ ಇನ್ನೊಮ್ಮೆ ತಿನ್ನಿ. ಇಳಿಯುವಾಗ ಹೊಟ್ಟೆ ಕುಲುಕುತ್ತದೆ, ಆಗಲೂ ಬೇಡ. ಏನು ತಿನ್ನುತ್ತೀರೋ ಅದನ್ನು ಅಭ್ಯಾಸದ ದಿನವೇ ತಿಂದು ನೋಡಿರಿ.

ಕೊನೆಯದಾಗಿ ಒಂದು ವಿನಂತಿ. ಲೋಟ, ಸಿಪ್ಪೆ, ಜೆಲ್ ಕವರ್ ಬೆಟ್ಟದಲ್ಲಿ ಎಸೆಯಬೇಡಿ. ಅದು ಮೀಸಲು ಅರಣ್ಯ. ಓಟ ಮುಗಿದ ಮೇಲೆ ನಾವು ಚೀಲ ಹಿಡಿದು ಹೋಗುತ್ತೇವೆ, ಆದರೆ ತಿರುವಿನ ಆಚೆ ಪೊದೆಯೊಳಗೆ ಬಿದ್ದದ್ದನ್ನು ಎತ್ತುವುದು ಆಗುವುದೇ ಇಲ್ಲ.

ಮೊದಲಫುಲ್ (ಮಾನಸಗಂಗೋತ್ರಿ ಹಾಸ್ಟೆಲ್)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲ ಬರೆದುಕೊಂಡಿದ್ದೇನೆ. ಈ ವಾರ ಕ್ಯಾಂಪಸ್ ಒಳಗೇ ಶುರು ಮಾಡುತ್ತೇನೆ. ಲಲಿತಮಹಲ್ ರಸ್ತೆಗೆ ಬರುವ ಹೊತ್ತಿಗೆ ಜೊತೆಗೆ ಯಾರಾದರೂ ಸಿಗುತ್ತಾರಾ? ಹಾಸ್ಟೆಲ್‌ನಿಂದ ನಾವು ಇಬ್ಬರು ಬರುತ್ತೇವೆ.

ಸಿದ್ಧಾರ್ಥನಗರದ_ಅಮ್ಮ

ಬನ್ನಿ, ನಾನಿದ್ದೇನೆ. ನಮ್ಮ ಕಡೆ ಇನ್ನೂ ಇಬ್ಬರು ಹೆಣ್ಣುಮಕ್ಕಳು ಓಡುತ್ತಾರೆ, ಅವರನ್ನೂ ಕರೆಯುತ್ತೇನೆ. ಭಾನುವಾರ ಬೆಳಕು ಹರಿದ ಮೇಲೆ ಹೊರಡೋಣ. ಓಟ ಮುಗಿಸಿ ನಮ್ಮ ಮನೆಗೆ ಬಂದೇ ಹೋಗಬೇಕು. ಇಡ್ಲಿ ಮಾಡಿಟ್ಟಿರುತ್ತೇನೆ.